ಹೊರಬಂದ ರಕ್ತ ಮೈಲಿಗೆಯೇ?



ಕಾರ್ಖಾನೆಯಿಂದ ನಿವೃತ್ತರಾದ ನಿಮ್ಮೂರಿನ ಹಿರಿಯರೊಬ್ಬರು ಮಠಕ್ಕೆ ಬಂದಿದ್ದರು. ಮೊಣಕಾಲಿನ ಕೀಲು ಬದಲಿಸಿದ ಮೇಲೆ ಗಾಯದಿಂದ ನಳಿಕೆಯಲ್ಲಿ ಇಳಿಯುವ ರಕ್ತವನ್ನು ಸೋಸಿ ಅವರಿಗೇ ಮರಳಿ ಏರಿಸುವ ಪದ್ಧತಿಯುಂಟೆಂದು ವೈದ್ಯರು ಹೇಳಿದ್ದರಂತೆ. ‘ಬುದ್ಧೀ, ಮೈಯಿಂದ ಹೊರಬಿದ್ದದ್ದು ಮೈಲಿಗೆಯಲ್ಲವೇ?’ ಎಂದರು.

ಪಂಚಸೂತಕಗಳನ್ನೇ ಒಪ್ಪದ ಶರಣಧರ್ಮದವರಿಗೆ ಆ ಅಂಜಿಕೆ ಬೇಡವೆಂದೆವು. ಆದರೆ ಮೈಲಿಗೆ ಬೇರೆ, ಕೆಡುವುದು ಬೇರೆ. ಸಪ್ತಧಾತುಗಳಲ್ಲಿ ಎರಡನೆಯದಾದ ಈ ರಕ್ತವು ಗಾಯದಲ್ಲಿ ಹಾಯ್ದು ಬಂದಾಗ ನಾಳದೊಳಗಿನ ರಕ್ತದಂತಿರದು. ಹೆಪ್ಪುಗಟ್ಟುವ ಶಕ್ತಿ ಬಹುಪಾಲು ಅಲ್ಲಿಯೇ ವ್ಯಯವಾಗಿರುತ್ತದೆ. ಕೆಲವು ಕೆಂಪುಕಣಗಳು ಒಡೆದಿರುತ್ತವೆ. ಅದರ ಹೊರೆ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಏರಿಸುವಾಗ ಕೆಲವರಿಗೆ ಚಳಿ, ಜ್ವರ ಬರುವುದುಂಟು. ಆದುದರಿಂದಲೇ ಸಂಗ್ರಹ ಆರಂಭವಾದ 6 ಗಂಟೆಯೊಳಗೆ ಏರಿಸಿಬಿಡಬೇಕೆಂಬ ಕಟ್ಟಳೆ. ಗಾಯದಲ್ಲಿ ನಂಜಿದ್ದರೆ ಏರಿಸುವಂತಿಲ್ಲ. ಉಳಿದ ಕಣಗಳಾದರೋ ಪ್ರಾಣವಾಯುವನ್ನು ಹೊರುವ ಕಾಯಕವನ್ನು ಬಿಡುವುದಿಲ್ಲ. ವಾರಗಟ್ಟಲೆ ಶೀತದಲ್ಲಿಟ್ಟ ರಕ್ತಕ್ಕಿಂತ ಅದನ್ನು ಅಂಗಾಂಗಗಳಿಗೆ ಬಿಟ್ಟುಕೊಡುವುದರಲ್ಲಿ ಇವೇ ಚುರುಕು. ತಮ್ಮದೇ ರಕ್ತವಾದ್ದರಿಂದ ಗುಂಪಿನ ತಕರಾರೂ ಇಲ್ಲ. 1901ರಲ್ಲಿ ಲ್ಯಾಂಡ್‌ಸ್ಟೈನರ್ ಎಂಬ ವಿಜ್ಞಾನಿ ಗುಂಪುಗಳನ್ನು ತೋರಿಸಿಕೊಡುವ ಮುನ್ನ ಪರರ ರಕ್ತದಿಂದ ಸತ್ತವರೂ ಉಂಟು.

ರಕ್ತಸ್ರಾವ ತಗ್ಗಿಸುವ ಔಷಧ ಬಂದ ಮೇಲೆ ಈ ಪದ್ಧತಿ ಈಗ ಕಡಿಮೆಯಾಗಿದೆ. ಬೇಕೋ ಬೇಡವೋ ವೈದ್ಯರೇ ತೀರ್ಮಾನಿಸಲಿ ಎಂದೆವು.

ಹಿರಿಯರಿಗೆ ಸಮಾಧಾನವಾಯಿತು. ‘ನಮ್ಮದೇ ಆದರೆ ಒಳ್ಳೆಯದು ಬುದ್ಧೀ, ಯಾವ ಜಾತಿಯದೋ ಸೇರುವುದು ತಪ್ಪಿತು’ ಎಂದುಬಿಟ್ಟರು. ಆ ಮಾತು ನಮಗೆ ನೋವು ತಂದಿತು. ರಕ್ತನಿಧಿಯ ಚೀಲದ ಮೇಲೆ ಗುಂಪು ಬರೆದಿರುತ್ತದೆ, ಜಾತಿಯನ್ನು ಯಾರೂ ಬರೆಯುವುದಿಲ್ಲ ಎಂದೆವು. ಅವರು ತಲೆ ತಗ್ಗಿಸಿದರು. ಜೊತೆಗೆ ಬಂದಿದ್ದ ಮಗನಿಗೆ, ಅಪ್ಪನ ಶಸ್ತ್ರಕ್ರಿಯೆ ಮುಗಿದ ಮೇಲೆ ರಕ್ತನಿಧಿಗೆ ಹೋಗಿ ರಕ್ತ ಕೊಟ್ಟು ಬಾ ಎಂದು ಹೇಳಿ ಕಳುಹಿಸಿದೆವು.