ನೀರಿಗೆ ದಾರಿ ಬಿಟ್ಟವನು



ಚೀನಾದ ಹ್ವಾಂಗ್ ಹೆ ಎಂದರೆ ಹಳದಿ ನದಿ. ಆ ಬಣ್ಣ ಮಣ್ಣಿನದು. ನಡುಹಾದಿಯಲ್ಲಿ ನದಿ ಹಿಟ್ಟಿನಷ್ಟು ನುಣುಪಾದ ಹಳದಿ ಮಣ್ಣಿನ ಪ್ರಸ್ಥಭೂಮಿಯನ್ನು ಕೊರೆದುಕೊಂಡು ಬರುತ್ತದೆ. ಕಳೆದ ಶತಮಾನದ ನಡುವೆ ಅಳೆದಾಗ ಅದು ವರ್ಷಕ್ಕೆ ಹೊರುತ್ತಿದ್ದ ಹೂಳು ಸುಮಾರು 160 ಕೋಟಿ ಟನ್. ಬಯಲಿಗಿಳಿದೊಡನೆ ಓಟ ತಗ್ಗುತ್ತದೆ, ಹೂಳು ಕೂರುತ್ತದೆ, ತಳ ಏರುತ್ತದೆ. ಜನ ದಂಡೆಯ ಏರಿಯನ್ನು ಎತ್ತರಿಸುತ್ತಾರೆ. ನದಿಯೂ ಮತ್ತಷ್ಟು ಮೇಲೇರುತ್ತದೆ. ಕೈಫೆಂಗ್ ನಗರದ ಬಳಿ ಹೊಳೆಯ ತಳವೇ ಊರಿನ ನೆಲಕ್ಕಿಂತ ಎತ್ತರದಲ್ಲಿದೆ. 1855ರಲ್ಲಿ ಏರಿ ಒಡೆದಾಗ ನದಿ ಹಳೆಯ ಪಾತ್ರವನ್ನೇ ತೊರೆಯಿತು. ಶಾನ್‌ಡಾಂಗ್ ಪರ್ಯಾಯದ್ವೀಪದ ದಕ್ಷಿಣಕ್ಕೆ ಸಮುದ್ರ ಸೇರುತ್ತಿದ್ದದ್ದು ಉತ್ತರಕ್ಕೆ ಹೊರಳಿತು.

ಇಂಥ ಹೊಳೆಯ ಪಕ್ಕದಲ್ಲಿ ಹುಟ್ಟಿದ ಪುರಾಣ ಹೇಗಿದ್ದೀತು? ಯಾವೊ ಎಂಬ ದೊರೆಯ ಕಾಲದಲ್ಲಿ ನೀರು ಬೆಟ್ಟಗಳನ್ನೇ ಸುತ್ತಿಕೊಂಡಿತಂತೆ. ತಡೆಯುವ ಕೆಲಸ ಗುನ್ ಎಂಬವನ ಹೆಗಲಿಗೆ ಬಿತ್ತು. ಆತ ಒಂಬತ್ತು ವರ್ಷ ಒಡ್ಡಿನ ಮೇಲೆ ಒಡ್ಡು ಕಟ್ಟಿದ. ‘ಶಾನ್ ಹಾಯ್ ಜಿಂಗ್’ ಎಂಬ ಹಳೆಯ ಗ್ರಂಥ ಹೇಳುವಂತೆ, ತಾನೇ ತಾನಾಗಿ ಬೆಳೆಯುವ ಮಣ್ಣನ್ನು ಅವನು ದೇವಲೋಕದಿಂದ ಕದ್ದ. ನೀರು ನಿಲ್ಲಲಿಲ್ಲ, ಗುನ್‌ನ ತಲೆ ಉರುಳಿತು. ಅವನ ಹೊಟ್ಟೆಯಿಂದಲೇ ಮಗ ಯೂ ಹುಟ್ಟಿಬಂದ. ಅಪ್ಪ ಕಟ್ಟಿದ್ದ, ಮಗ ಕಡಿದ. ಹೂಳೆತ್ತಿದ, ಕಾಲುವೆ ತೋಡಿದ, ನೀರಿಗೆ ಕಡಲಿನ ದಾರಿ ತೋರಿಸಿದ. ಹದಿಮೂರು ವರ್ಷ ಮನೆ ಕಾಣಲಿಲ್ಲ ಎನ್ನುತ್ತಾನೆ ಇತಿಹಾಸಕಾರ ಸೀಮಾ ಚಿಯನ್. ಎಂಟೇ ವರ್ಷ ಎನ್ನುತ್ತಾನೆ ತತ್ವಜ್ಞಾನಿ ಮೆನ್ಶಿಯಸ್. ಮೂರು ಸಲ ಸ್ವಂತ ಮನೆಯ ಬಾಗಿಲ ಮುಂದೆಯೇ ಹಾದುಹೋದರೂ ಒಳಗೆ ಕಾಲಿಡಲಿಲ್ಲ ಎಂಬುದು ಇಂದಿಗೂ ಚೀನೀ ಮಕ್ಕಳಿಗೆ ಗೊತ್ತಿರುವ ಮಾತು. ಕೆಸರಲ್ಲಿ ದುಡಿದು ದುಡಿದು ಅವನ ಕಾಲು ಕುಂಟಾಯಿತು. ಮುಂದೆ ತಾವೊ ಪಂಥದ ಪುರೋಹಿತರು ಆ ಕುಂಟುನಡೆಯನ್ನೇ ಪೂಜೆಯ ಹೆಜ್ಜೆಯಾಗಿಸಿಕೊಂಡರು.

ನಮ್ಮ ಮನುವಿನ ಕಥೆಯಲ್ಲಿ ಮೀನು ದೋಣಿಯನ್ನು ಎಳೆದು ದಡ ಸೇರಿಸುತ್ತದೆ. ಯೂನ ಕಥೆಯಲ್ಲಿ ದೋಣಿ ಹತ್ತಿ ಪಾರಾಗುವವರಿಲ್ಲ. ಎಲ್ಲರೂ ಗುದ್ದಲಿ ಹಿಡಿಯಬೇಕು. ಭಗೀರಥ ನದಿಯನ್ನು ಕರೆತಂದ, ಯೂ ಕಳಿಸಿಕೊಟ್ಟ. ಪ್ರಪಂಚದಲ್ಲಿ ನೀರಾವರಿ ಎಂಜಿನಿಯರನೊಬ್ಬ ರಾಜವಂಶದ ಮೂಲಪುರುಷನಾದದ್ದು ಬೇರೆಲ್ಲೂ ನನಗೆ ಕಂಡಿಲ್ಲ. ಪಟ್ಟ ಅವನಿಗೆ ಬಂತು, ಅವನ ಮಗನಿಗೂ ಹೋಯಿತು. ಪರಂಪರೆಯ ಪ್ರಕಾರ ಅದೇ ಚೀನಾದ ಮೊದಲ ವಂಶ, ಶ್ಯಾ.

ಆದರೆ ನದಿಯನ್ನು ಎಲ್ಲರೂ ಗುದ್ದಲಿಯಿಂದಲೇ ಮಾತಾಡಿಸಲಿಲ್ಲ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಶಾಂಗ್ ಅರಸರ ಮೂಳೆಬರಹಗಳಲ್ಲಿ ನದಿದೇವರಿಗೆ ಬಲಿ ಕೊಟ್ಟ ಲೆಕ್ಕವಿದೆ. ಯೆ ಎಂಬ ಪಟ್ಟಣದಲ್ಲಿ ಹೆಬೋ ಎಂಬ ಆ ದೇವರಿಗೆ ವರ್ಷಕ್ಕೊಬ್ಬಳು ಹುಡುಗಿಯನ್ನು ಮದುಮಗಳ ಅಲಂಕಾರದಲ್ಲಿ ಹಾಸಿಗೆಯ ಮೇಲೆ ಕೂರಿಸಿ ತೇಲಿಬಿಡುತ್ತಿದ್ದರು. ಹಣ ಊರಿನದು, ಪಾಲು ಪೂಜಾರಿಣಿ ಮತ್ತು ಊರ ಹಿರಿಯರದು. ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಶೀಮನ್ ಬಾವೊ ಅಲ್ಲಿಗೆ ಅಧಿಕಾರಿಯಾಗಿ ಬಂದ. ಮದುವೆಗೆ ತಾನೂ ಬರುತ್ತೇನೆಂದ. ಹುಡುಗಿಯನ್ನು ನೋಡಿ, “ಇವಳು ಚೆನ್ನಾಗಿಲ್ಲ, ಬೇರೆ ಹುಡುಕಿ ಕಳಿಸುತ್ತೇವೆಂದು ದೇವರಿಗೆ ತಿಳಿಸಬೇಕಲ್ಲ, ಅಮ್ಮನೇ ಹೋಗಿಬರಲಿ” ಎಂದು ಮುದಿ ಪೂಜಾರಿಣಿಯನ್ನೇ ನೀರಿಗೆ ಎಸೆಸಿದ. ಅವಳು ಬರಲಿಲ್ಲ, ವಿಚಾರಿಸಲು ಶಿಷ್ಯೆಯರು ಹೋದರು. ಅವರೂ ಬರಲಿಲ್ಲ, ಹಿರಿಯರು ಹೋದರು. ಆತ ಸೊಂಟ ಬಗ್ಗಿಸಿ ನೀರನ್ನೇ ನೋಡುತ್ತ ಭಕ್ತಿಯಿಂದ ಕಾದು ನಿಂತ. ಉಳಿದವರು ಹಣೆಯಿಂದ ರಕ್ತ ಬರುವ ತನಕ ಅಡ್ಡಬಿದ್ದರು. ಆಮೇಲೆ ಶೀಮನ್ ಬಾವೊ ಹನ್ನೆರಡು ಕಾಲುವೆ ತೋಡಿಸಿದ. ಆ ಭಾಗವನ್ನು ಕಥೆ ಹೇಳುವವರು ಕೆಲವೊಮ್ಮೆ ಬಿಟ್ಟುಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ಅದೇ.

ಇನ್ನು, ಯೂ ನಿಜವಾಗಿ ಇದ್ದನೇ? 1923ರಲ್ಲಿ ಗು ಜಿಯೆಗಾಂಗ್ ಎಂಬ ತರುಣ ವಿದ್ವಾಂಸ ಇಲ್ಲ ಎಂದುಬಿಟ್ಟರು. ಅವರ ವಾದ ಚಂದದ್ದು: ಗ್ರಂಥ ಹೊಸದಾದಷ್ಟೂ ಅದು ಹೇಳುವ ರಾಜ ಹಳಬ. ಹಳೆಯ ಗ್ರಂಥಗಳಲ್ಲಿ ಯೂ ಒಬ್ಬನೇ. ಅವನಿಗಿಂತ ಹಿಂದಿನ ದೊರೆಗಳಾದ ಯಾವೊ, ಶುನ್ ಬರುವುದು ನಂತರದ ಗ್ರಂಥಗಳಲ್ಲಿ. ಅವರಿಗೂ ಹಿಂದಿನ ಹಳದಿ ಸಾಮ್ರಾಟ ಇನ್ನೂ ತಡವಾಗಿ. ಯೂ ಮೂಲತಃ ಕಂಚಿನ ಪಾತ್ರೆಯ ಮೇಲಿನ ಒಂದು ಹುಳವೋ ಹಲ್ಲಿಯೋ ಇರಬೇಕೆಂದೂ ಅವರು ಊಹಿಸಿದರು. ಲೇಖಕ ಲೂ ಶುನ್ ತಮ್ಮ ಒಂದು ಕಥೆಯಲ್ಲಿ ಇದನ್ನೇ ಹಿಡಿದು ಗೇಲಿ ಮಾಡಿದ್ದಾರೆ. 2002ರಲ್ಲಿ ಕಾಣಿಸಿಕೊಂಡ ಕಂಚಿನ ಪಾತ್ರೆಯೊಂದು ಚರ್ಚೆಗೆ ಮತ್ತೆ ಜೀವ ಕೊಟ್ಟಿತು. ಸುಮಾರು 2900 ವರ್ಷ ಹಳೆಯದು, ಒಳಗೆ 98 ಅಕ್ಷರ. ದೈವದ ಅಪ್ಪಣೆಯಂತೆ ಯೂ ಬೆಟ್ಟ ಕಡಿದು ನದಿ ತೋಡಿದ ಎಂದಿದೆ. ಶ್ಯಾ ವಂಶದ ಹೆಸರೇ ಇಲ್ಲ.

2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ವಾದ ಬಂತು. ಚಿಂಗ್‌ಹಾಯ್ ಪ್ರಾಂತದ ಜಿಶಿ ಕಮರಿಯಲ್ಲಿ ಗುಡ್ಡ ಕುಸಿದು ನದಿ ಕಟ್ಟಿಕೊಂಡಿತ್ತು, ಕ್ರಿಸ್ತಪೂರ್ವ 1920ರ ಸುಮಾರಿಗೆ ಅದು ಒಡೆದು ಮಹಾಪ್ರವಾಹ ಬಂತು, ಯೂನ ಕಥೆಯ ಬೀಜ ಅದೇ ಎಂದು. ಹತ್ತಿರದ ಲಾಜಿಯಾ ಹಳ್ಳಿಯಲ್ಲಿ ಭೂಕಂಪಕ್ಕೆ ಕುಸಿದ ಮನೆಗಳಲ್ಲಿ ಮಕ್ಕಳನ್ನು ತಬ್ಬಿಕೊಂಡ ಅಸ್ಥಿಪಂಜರಗಳಿವೆ. ಬೇರೆ ಭೂವಿಜ್ಞಾನಿಗಳು ಈ ವಾದವನ್ನು ಒಪ್ಪಿಲ್ಲ. ನನಗೂ ಅದು ಹಿಡಿಸಿಲ್ಲ. ಒಂದು ದಿನದ ಪ್ರವಾಹಕ್ಕೆ ಹದಿಮೂರು ವರ್ಷದ ದುಡಿಮೆಯ ಕಥೆ ಹುಟ್ಟುವುದಿಲ್ಲ. ತಲೆಮಾರುಗಟ್ಟಲೆ ಹೂಳೆತ್ತಿದವರ ಬೆನ್ನುನೋವಿಗೆ ಹುಟ್ಟುತ್ತದೆ.

ನೀರು ಕಟ್ಟಿದ ಹಳಬರು ದಕ್ಷಿಣದಲ್ಲೂ ಇದ್ದರು. ಯಾಂಗ್ಟ್ಸೆ ಮುಖಜಭೂಮಿಯ ಲಿಯಾಂಗ್ಜುವಿನಲ್ಲಿ ಹುಲ್ಲಿನ ಹೊರೆಯೊಳಗೆ ಕೆಸರು ಸುತ್ತಿ ಪೇರಿಸಿದ ಅಣೆಕಟ್ಟುಗಳಿವೆ. ವಯಸ್ಸು ಸುಮಾರು 5000 ವರ್ಷ, ಅಂದರೆ ಯೂನ ಕಾಲವೆಂದು ಹೇಳುವುದಕ್ಕಿಂತ ಸಾವಿರ ವರ್ಷದಷ್ಟು ಹಿಂದೆ. 2019ರಲ್ಲಿ ಯುನೆಸ್ಕೊ ಆ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಉತ್ತರದಲ್ಲಿ, ಹಳದಿ ನದಿಯ ಉಪನದಿ ಲ್ವೊ ಹರಿಯುವಲ್ಲಿ, ಎರ್ಲಿಟೌ ಎಂಬ ಹಳ್ಳಿಯಿದೆ. ಶ್ಯಾ ವಂಶದ ನೆಲೆ ಹುಡುಕುತ್ತ ಹೊರಟ ಶೂ ಶೂಶೆಂಗ್ ಎಂಬ ವಿದ್ವಾಂಸರು 1959ರಲ್ಲಿ ಅಲ್ಲಿಗೆ ತಲುಪಿದಾಗ ಅವರಿಗೆ ಎಪ್ಪತ್ತರ ವಯಸ್ಸು. ಅಲ್ಲಿ ಅರಮನೆಯ ಅಡಿಪಾಯ ಸಿಕ್ಕಿದೆ, ಕಂಚು ಎರಕ ಹೊಯ್ದ ಕಾರ್ಖಾನೆ ಸಿಕ್ಕಿದೆ, ಟರ್ಕ್ವಾಯ್ಸ್ ಎಂಬ ಹಸಿರುನೀಲಿ ಕಲ್ಲಿನ ಸುಮಾರು ಎರಡು ಸಾವಿರ ತುಣುಕುಗಳನ್ನು ಕೂಡಿಸಿ ಮಾಡಿದ ಡ್ರ್ಯಾಗನ್ ಸಿಕ್ಕಿದೆ. ಯೂ ಎಂದಾಗಲಿ ಶ್ಯಾ ಎಂದಾಗಲಿ ಬರೆದ ಒಂದು ಬೋಕಿಯೂ ಈವರೆಗೆ ಅಲ್ಲಿ ಸಿಕ್ಕಿಲ್ಲ.