ಪದರದ ಮೇಲೆ ಪದರ: ರೋಬೋ ತೋಳು ಮತ್ತು ಪ್ಲಾಸ್ಟಿಕ್ ಮುದ್ರಣ



ಈ ಶಾಲೆಯಲ್ಲಿ ಅಕ್ಷರ ಕಲಿತು, ಮುಂದೆ ಹೊಸೂರಿನ ಟೂಲ್‌ರೂಮುಗಳಲ್ಲಿ ಅಚ್ಚು ತಯಾರಿಸುವ ಕೆಲಸ ಹಿಡಿದ ಕೆಲವು ಗೆಳೆಯರು ನಾವು. ಯಾವ ವಿಷಯ ಮಾತನಾಡಬೇಕೆಂದು ನಾವು ಯೋಚಿಸುತ್ತಿದ್ದಾಗ, ಶಾಲೆಯ ಬಾಗಿಲಲ್ಲೇ ಪೋಷಕರೊಬ್ಬರು ತಡೆದು ಕೇಳಿದರು: “ರೋಬೋ ಬಂದ ಮೇಲೆ ನಮ್ಮ ಹುಡುಗನಿಗೆ ಅಚ್ಚಿನ ಕೆಲಸ ಸಿಗ್ತದಾ ಅಣ್ಣ?” ಆ ಪ್ರಶ್ನೆಗೆ ನಿಂತ ನಿಲುವಿನಲ್ಲಿ ನಮ್ಮಿಂದ ಉತ್ತರ ಹೇಳಲಾಗಲಿಲ್ಲ. ಅದನ್ನೇ ಇಂದು ಎತ್ತಿಕೊಂಡಿದ್ದೇವೆ.

ಮೊದಲು ಯಂತ್ರದ ಪರಿಚಯ. ಚಕ್ಕುಲಿ ಒರಳನ್ನು ನೋಡದವರು ಇಲ್ಲಿ ಯಾರೂ ಇಲ್ಲ. ಹಿಟ್ಟನ್ನು ಒತ್ತಿದಂತೆ ಎಳೆ ಇಳಿಯುತ್ತದೆ. ಒತ್ತುವವರ ಕೈ ಸುತ್ತಿದಂತೆ ಆಕಾರ ಬರುತ್ತದೆ. ಹಿಟ್ಟಿನ ಬದಲು ಕರಗಿದ ಪ್ಲಾಸ್ಟಿಕ್, ಒರಳಿನ ಬದಲು ಕಾಯಿಸಿದ ಕೊಳವೆಯೊಳಗೆ ತಿರುಗುವ ಸ್ಕ್ರೂ, ಕೈಯ ಬದಲು ಆರು ಕೀಲುಗಳ ರೋಬೋ ತೋಳು ಎಂದುಕೊಳ್ಳಿ. ಎಳೆಯ ಮೇಲೆ ಎಳೆ ಕೂರಿಸುತ್ತ ಹೋದರೆ ಆಳೆತ್ತರದ ವಸ್ತುವೇ ಎದ್ದು ನಿಲ್ಲುತ್ತದೆ. ಮೇಜಿನ ಮೇಲಿಡುವ ಚಿಕ್ಕ ಮುದ್ರಣ ಯಂತ್ರಗಳಿಗೆ ದಾರದಂತೆ ಸುತ್ತಿದ ಪ್ಲಾಸ್ಟಿಕ್ ಬೇಕು, ಅದು ದುಬಾರಿ. ಈ ದೊಡ್ಡ ಯಂತ್ರಗಳು ಬಕೆಟ್ಟು, ಕುರ್ಚಿ ಮಾಡುವ ಕಾರ್ಖಾನೆಗಳು ಬಳಸುವ ಅಗ್ಗದ ಪ್ಲಾಸ್ಟಿಕ್ ಕಾಳನ್ನೇ ಉಣ್ಣುತ್ತವೆ.

2010ರಲ್ಲಿ ನೆದರ್ಲೆಂಡಿನ ಐಂಡ್‌ಹೋವೆನ್ ವಿನ್ಯಾಸ ಅಕಾಡೆಮಿಯ ವಿದ್ಯಾರ್ಥಿ ಡಿರ್ಕ್ ವಾಂಡರ್ ಕೋಯ್, ಕಾರ್ಖಾನೆಯಲ್ಲಿ ದುಡಿದು ಹಳತಾಗಿದ್ದ ರೋಬೋ ಒಂದಕ್ಕೆ ಇಂಥ ಕೊಳವೆ ಕಟ್ಟಿದರು. ಗುಜರಿಗೆ ಬಿದ್ದ ರೆಫ್ರಿಜರೇಟರುಗಳ ಪ್ಲಾಸ್ಟಿಕ್ಕನ್ನು ಪುಡಿಮಾಡಿ, ಕರಗಿಸಿ, ಒಂದೇ ಉದ್ದನೆಯ ಎಳೆಯಿಂದ ಕುರ್ಚಿ ಹೆಣೆಸಿದರು. ಗುಜರಿ ಯಂತ್ರ, ಗುಜರಿ ಪ್ಲಾಸ್ಟಿಕ್. ಹೊಸದೆಂದರೆ ಬುದ್ಧಿ ಮಾತ್ರ. ಬಡ ಶಾಲೆಯಿಂದ ಹೋದ ನಮಗೆ ಈ ಕಥೆ ವಿಶೇಷವಾಗಿ ಹಿಡಿಸಿತು.

ಇದನ್ನೇ ನೋಡಿ ನಾವೂ ಒಂದು ಹಳೆಯ ತೋಳು ಕೊಂಡು, ಶೆಡ್ಡಿನಲ್ಲಿ ಎರಕದ ಕೆಲಸಕ್ಕೆ ಬೇಕಾದ ಮಾದರಿಯೊಂದನ್ನು ಮುದ್ರಿಸಲು ತೊಡಗಿದೆವು. ಅರ್ಧ ಏಳುವ ಹೊತ್ತಿಗೆ ಕರೆಂಟ್ ಹೋಯಿತು. ನಲವತ್ತು ನಿಮಿಷದ ಮೇಲೆ ಬಂದಾಗ, ತೋಳು ನಿಂತಲ್ಲಿಂದಲೇ ಮತ್ತೆ ಹೊರಟಿತು. ಸಂಜೆಗೆ ಕೆಲಸ ಮುಗಿದಾಗ ಕಣ್ಣಿಗೆ ಯಾವ ದೋಷವೂ ಕಾಣಲಿಲ್ಲ. ಮರುದಿನ ಮಿಲ್ಲಿಂಗ್ ಯಂತ್ರಕ್ಕೆ ಬಿಗಿದದ್ದೇ ತಡ, ಅಡ್ಡಲಾಗಿ ಸೀಳಿಹೋಯಿತು. ಅಳೆದು ನೋಡಿದರೆ, ಸೀಳು ಬಂದದ್ದು ಕರೆಂಟ್ ಹೋದಾಗ ನಿಂತಿದ್ದ ಪದರದಲ್ಲೇ.

ಕಾರಣ ಹೀಗಿದೆ. ನಮ್ಮ ಹಿರಿಯರು ಮಣ್ಣಿನ ಗೋಡೆ ಹಾಕುವಾಗ ಒಂದು ವರಸೆ ಇಟ್ಟು, ಅದು ಒಣಗಿ ಬಿಗಿಯಾದ ಮೇಲೆಯೇ ಮುಂದಿನ ವರಸೆ ಇಡುತ್ತಿದ್ದರು. ಪ್ಲಾಸ್ಟಿಕ್ಕಿನ ನಿಯಮ ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು. ಕೆಳಗಿನ ಪದರದಲ್ಲಿ ಸಾಕಷ್ಟು ಬಿಸಿ ಉಳಿದಿದ್ದರಷ್ಟೇ ಮೇಲಿನದು ಅದರೊಡನೆ ಬೆಸೆದುಕೊಳ್ಳುತ್ತದೆ. ಎಬಿಎಸ್ ಎಂಬ ಪ್ಲಾಸ್ಟಿಕ್ಕು ಸುಮಾರು 105 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ತಣಿದರೆ ಗಡುಸಾಗಿಬಿಡುತ್ತದೆ. ಆಮೇಲೆ ಬಿದ್ದ ಎಳೆ ಅಂಟಿದಂತೆ ಕಾಣುತ್ತದೆ, ಬೆಸೆದಿರುವುದಿಲ್ಲ. ಹಾಗೆಂದು ಅವಸರಪಟ್ಟರೆ, ಮೆತ್ತಗಿರುವ ಪದರ ಮೇಲಿನ ಭಾರ ತಾಳದೆ ಕುಸಿಯುತ್ತದೆ. ತೋಳು ಒಂದು ಸುತ್ತು ಮುಗಿಸಿ ಮತ್ತೆ ಅದೇ ಜಾಗಕ್ಕೆ ಬರಲು ಎಷ್ಟು ಹೊತ್ತು ಹಿಡಿಯಬೇಕು ಎಂಬುದರಲ್ಲೇ ಈ ವಿದ್ಯೆಯ ಮುಕ್ಕಾಲು ಪಾಲಿದೆ. ತಣಿಯುವಾಗ ಪ್ಲಾಸ್ಟಿಕ್ ಕುಗ್ಗಿ ಮೂಲೆಗಳು ಮೇಲೇಳುವುದು ಇನ್ನೊಂದು ಕಾಟ. ಅದಕ್ಕೆ ಇಂಗಾಲದ ಸಣ್ಣ ನಾರುಗಳನ್ನು ಬೆರೆಸುತ್ತಾರೆ. ಹಿಗ್ಗು ಕುಗ್ಗು ತಗ್ಗುತ್ತದೆ, ಗಟ್ಟಿತನವೂ ಹೆಚ್ಚುತ್ತದೆ.

ಹಿಗ್ಗು, ಕುಗ್ಗು ಎಂಬ ಈ ಮಾತುಗಳನ್ನು ನಾವು ಕಲಿತದ್ದು ಇದೇ ಕಟ್ಟಡದಲ್ಲಿ, ರೈಲು ಹಳಿಗಳ ನಡುವೆ ಸಂದು ಬಿಡುವುದೇಕೆಂಬ ಪಾಠದಲ್ಲಿ. ಕನ್ನಡದಲ್ಲಿ ಕಲಿತದ್ದರಿಂದ ಯಂತ್ರದ ಮುಂದೆ ತೊಡಕಾಯಿತೇ ಎಂದು ಕೇಳುವವರುಂಟು. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿತ್ತು, ಅದನ್ನು ಓದಲು ಕಷ್ಟಪಟ್ಟೆವು, ಸುಳ್ಳೇಕೆ? ಆದರೆ ಸೀಳಿದ್ದೇಕೆ ಎಂಬುದು ಕೈಪಿಡಿಯಿಂದ ಹೊಳೆಯಲಿಲ್ಲ.

ಇನ್ನು ಆ ಪೋಷಕರ ಪ್ರಶ್ನೆ. 2016ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಬೋಯಿಂಗ್ 777ಎಕ್ಸ್ ವಿಮಾನದ ರೆಕ್ಕೆಯನ್ನು ಹಿಡಿದಿಟ್ಟು ಅಂಚು ಕತ್ತರಿಸಿ ತೂತು ಕೊರೆಯಲು ಬೇಕಾದ ಸಾಧನವೊಂದನ್ನು ಮುದ್ರಿಸಿದರು. ಅಲ್ಲಿ ಬಳಸಿದ್ದು ಕೀಲುಗಳ ತೋಳಲ್ಲ, ಶೆಡ್ಡಿನ ಕ್ರೇನಿನಂತೆ ಹಳಿಗಳ ಮೇಲೆ ಓಡುವ ಚೌಕಟ್ಟು. ತೋಳು ಬೇಕಾದತ್ತ ವಾಲಬಲ್ಲದು, ಚೌಕಟ್ಟು ಅಲುಗದೆ ನಿಲ್ಲಬಲ್ಲದು. ಸಾಧನದ ಉದ್ದ 17.5 ಅಡಿ, ತೂಕ ಸುಮಾರು 750 ಕಿಲೋ, ಮುದ್ರಣಕ್ಕೆ ಹಿಡಿದದ್ದು ಸುಮಾರು 30 ಗಂಟೆ. ಲೋಹದಲ್ಲಿ ಮಾಡಿಸಿದ್ದರೆ ಮೂರು ತಿಂಗಳು ಎಂದು ಅವರ ಲೆಕ್ಕ. ಆ ಮೂರು ತಿಂಗಳು ನಮ್ಮಂಥವರ ಕೂಲಿ. ಅದರಲ್ಲೊಂದು ಪಾಲು ಹೋಗುತ್ತದೆ. ಹೋಗುವುದಿಲ್ಲವೆಂದು ಈ ವೇದಿಕೆಯಿಂದ ಹೇಳಲಾರೆವು.

ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಹಳೆಯ ಸಕ್ಕರೆ ಕಾರ್ಖಾನೆಯ ಬಯಲಿನಲ್ಲಿ ಎದ್ದ ಕಟ್ಟಡದ ಮುಖಭಾಗಕ್ಕೆ ಕಾಂಕ್ರೀಟು ಎರೆಯಲು ಇಂಥವೇ ಮುದ್ರಿತ ಅಚ್ಚುಗಳನ್ನು ಬಳಸಿದರು. ಮರದ ಅಚ್ಚು 15-20 ಎರಕಕ್ಕೆ ಸವೆದರೆ, ಇವು 200ರಷ್ಟು ತಾಳಿದವು. ಅವನ್ನೂ ಮುದ್ರಿಸಿದ ಹಾಗೆಯೇ ಬಳಸಲಿಲ್ಲ. ಎಳೆಗಳ ಏರುತಗ್ಗನ್ನು ಕೊರೆದು ನಯಮಾಡಲೇಬೇಕು. ಯಂತ್ರಕ್ಕೆ ಬಿಗಿಯುವ, ಅಳೆಯುವ, ಎಷ್ಟು ಕೊರೆಯಬೇಕೆಂದು ತೀರ್ಮಾನಿಸುವ ಅಚ್ಚಿನ ಕೆಲಸಗಾರ ಅಲ್ಲಿಯೂ ಬೇಕು. ಆದ್ದರಿಂದ ಆ ತಂದೆಗೆ ನಮ್ಮ ಉತ್ತರ ಇಷ್ಟೆ: ಉಳಿ, ಅರ ಮಾತ್ರ ಬಲ್ಲ ಹುಡುಗನಿಗೆ ಕೆಲಸ ಕಡಿಮೆಯಾದೀತು, ಅಚ್ಚನ್ನೂ ಬಲ್ಲ, ಬಿಸಿಯ ಲೆಕ್ಕವನ್ನೂ ಬಲ್ಲ ಹುಡುಗ ನಮ್ಮ ಶೆಡ್ಡಿಗೇ ಬೇಕಾಗಿದ್ದಾನೆ, ಸಿಕ್ಕಿಲ್ಲ. ಹತ್ತನೆಯ ತರಗತಿ ಮುಗಿಸಿ ಐಟಿಐ ಸೇರಿದ ಮೇಲೆ ಅವನನ್ನು ನಮ್ಮಲ್ಲಿಗೆ ಕಳಿಸಿಕೊಡಿ.

ಸೀಳಿದ ಆ ಮಾದರಿಯನ್ನು ಎಸೆಯದೆ ಇಂದು ತಂದಿದ್ದೇವೆ. ವಿಜ್ಞಾನದ ಕೊಠಡಿಯ ಮೇಜಿನ ಮೇಲಿದೆ. ಮಕ್ಕಳು ಮುಟ್ಟಿ ನೋಡಲಿ, ತುಂಡಾದರೂ ಚಿಂತೆಯಿಲ್ಲ.