ಎರಡನೆಯ ಮೆಟ್ಟಿಲಿನ ಬಸವನಹುಳು

(ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತು)

ನನ್ನ ಹವ್ಯಾಸದ ಬಗ್ಗೆ ಮಾತಾಡಿ ಎಂದು ಅಧ್ಯಕ್ಷರು ಹೇಳಿದಾಗ, ಊಟಕ್ಕೆ ಮುಂಚೆ ಮಾತ್ರ ಬೇಡ ಎಂದಿದ್ದೆ. ಊಟಕ್ಕೆ ಮುಂಚೆಯೇ ನಿಲ್ಲಿಸಿದ್ದಾರೆ!

ನಾನು ಕೂಡಿಸುವುದು ಹುಳುಗಳನ್ನು. ಗಾಬರಿ ಬೇಡ, ಜೀವ ಇರುವುದಲ್ಲ. ಬಸವನಹುಳು, ಜೇಡ, ಏಡಿ, ಜರಿ, ಚೇಳು, ಹೀಗೆ ಬೆನ್ನೆಲುಬಿಲ್ಲದ ಪ್ರಾಣಿಗಳ, ನಿಜವಾದದ್ದೇ ಎನ್ನುವಂತೆ ಕಾಣುವ ಪ್ಲಾಸ್ಟಿಕ್ ಗೊಂಬೆಗಳು. ಆನೆ, ಹುಲಿ ಬೇರೆಯವರಿಗಿರಲಿ.

ಮಹಾಬಲಿಪುರದಲ್ಲಿ ಚಿಪ್ಪುಗಳೇ ಸಿಗುತ್ತವಲ್ಲ, ಗೊಂಬೆ ಯಾಕೆ ಎಂದು ಕೇಳುತ್ತಾರೆ. ಚಿಪ್ಪು ಬರೀ ಮನೆ. ಒಳಗಿದ್ದ ಜೀವ ಎಲ್ಲಿ? ನಾಟಿಲಸ್ ಸೇರಿದಂತೆ ಕೆಲವು ಕಡಲ ಚಿಪ್ಪುಪ್ರಾಣಿಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದೂ ಸುಮ್ಮನಲ್ಲ. ಇನ್ನು ಆ ಮೆತ್ತನೆಯ ಮೈಯನ್ನು ಸ್ಪಿರಿಟ್ಟಿನಲ್ಲಿಟ್ಟರೆ ಬಣ್ಣವೂ ಆಕಾರವೂ ಕೆಡುತ್ತದೆ. ಅದಕ್ಕೇ 1863ರಿಂದ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಲಿಯೊಪೋಲ್ಡ್ ಬ್ಲಾಷ್ಕಾ, ಮುಂದೆ ಅವರ ಮಗ ರುಡಾಲ್ಫ್, ಇಂಥ ಕಡಲಜೀವಿಗಳನ್ನು ಗಾಜಿನಲ್ಲಿ ಮಾಡಿ ಮ್ಯೂಸಿಯಂಗಳಿಗೆ ಕಳಿಸುತ್ತಿದ್ದರು. ಈಗ ಈ ವಿದ್ಯೆಯಲ್ಲಿ ಜಪಾನಿನವರು ಮುಂದು. ಮುಟ್ಟಿದರೆ ಉಂಡೆಯಾಗುವ ಹುಳು ಗೊತ್ತಲ್ಲ, ಅದನ್ನು 2018ರಲ್ಲಿ ಬಾಂಡೈ ಕಂಪನಿ ಸುಮಾರು 10 ಪಟ್ಟು ದೊಡ್ಡದಾಗಿ ಮಾಡಿತು. ಗೊಂಬೆಯೂ ಉಂಡೆಯಾಗುತ್ತದೆ. ತಮ್ಮನ ಮಗ ತಂದುಕೊಟ್ಟ. ನಮ್ಮ ಮನೆಯವರೂ ಟಿವಿ ನೋಡುತ್ತಾ ಅದನ್ನು ಮಡಚಿ ಬಿಡಿಸುತ್ತಿರುತ್ತಾರೆ.

ಕೊಳ್ಳುವಾಗ ನಾನು ಮೊದಲು ಕಾಲು ಎಣಿಸುತ್ತೇನೆ. ಜೇಡಕ್ಕೆ ಎಂಟೂ ಕಾಲು ಮೈಯ ಮುಂಭಾಗದಿಂದಲೇ ಬರಬೇಕು. ಅಗ್ಗದ ರಬ್ಬರ್ ಜೇಡಕ್ಕೆ ಹೊಟ್ಟೆಯಿಂದಲೂ ಕಾಲು ಬಂದಿರುತ್ತದೆ. ಇರುವೆಗೆ ಆರು, ನಡುಭಾಗದಿಂದ. ತೋಟದ ಬಸವನಹುಳುವಿಗೆ ಕೊಂಬು ಎರಡಲ್ಲ, ನಾಲ್ಕು. ಮೇಲಿನ ಉದ್ದದ ಜೋಡಿಯ ತುದಿಯಲ್ಲಿ ಕಣ್ಣು, ಕೆಳಗಿನ ಗಿಡ್ಡ ಜೋಡಿ ಮೂಸಿ ತಡವಿ ನೋಡುವುದಕ್ಕೆ. ಚಿಪ್ಪಿನ ತುದಿ ಮೇಲೆ ಮಾಡಿ, ಬಾಯಿ ನಮ್ಮ ಕಡೆ ತಿರುಗಿಸಿದರೆ, ಹೆಚ್ಚಿನ ಜಾತಿಗಳಲ್ಲಿ ಬಾಯಿ ಬಲಕ್ಕಿರುತ್ತದೆ. ನಮ್ಮ ದೇವರಮನೆಯ ಶಂಖವೂ ಇದೇ ಕುಲದ್ದು. ನಾವು ಬಲಮುರಿ ಎನ್ನುವ ಅಪರೂಪದ ಶಂಖವನ್ನು ವಿಜ್ಞಾನಿಗಳು ಎಡಸುರುಳಿ ಎನ್ನುತ್ತಾರೆ. ನಾವು ಹಿಡಿಯುವ ರೀತಿ ಅವರಿಗೆ ತಲೆಕೆಳಗು, ಅಷ್ಟೇ.

ಇಷ್ಟೆಲ್ಲ ಇದ್ದರೂ ನನ್ನ ಗೊಂಬೆಗಳಿಗೆ ನವರಾತ್ರಿಯಲ್ಲಿ ಜಾಗವಿರಲಿಲ್ಲ. ನಮ್ಮತ್ತೆಯವರು ಮೈಸೂರಿನವರು. "ಪಟ್ಟದ ಗೊಂಬೆ ಕೂತಿರೋ ಕಡೆ ಹುಳಹುಪ್ಪಟೆ ಇಡ್ತೀಯೇನೇ?" ಎಂದುಬಿಟ್ಟರು. ಮನೆ ಅವರದು, ಗೊಂಬೆ ಅವರದು, ನನಗೆ ಅಲ್ಮೇರಾದ ಕೆಳಗಿನ ಖಾನೆ. ಹೆಂಗಸು ಐವತ್ತು ದಾಟಿದ ಮೇಲೆ ತನಗೆಂದು ಏನಾದರೂ ಕೊಂಡರೆ ಸೀರೆಯೋ ಪಾತ್ರೆಯೋ ಆಗಿರಬೇಕು, ಜರಿಹುಳು ಆದರೆ ಲೆಕ್ಕ ಕೇಳುವವರು ಬಹಳ.

ದಾರಿ ತೋರಿಸಿದವರು ಎದುರುಮನೆ ಮಾಮಿ. ತಮಿಳರ ಹಳೆಯ ವ್ಯಾಕರಣ ಗ್ರಂಥ ತೊಲ್ಕಾಪ್ಪಿಯಂ ಜೀವಿಗಳನ್ನು ಅರಿವಿನ ಲೆಕ್ಕದಲ್ಲಿ ವಿಂಗಡಿಸುತ್ತದೆ. ಹುಲ್ಲು ಮರಕ್ಕೆ ಒಂದು, ಬಸವನಹುಳುವಿಗೆ ಎರಡು, ಗೆದ್ದಲು ಇರುವೆಗೆ ಮೂರು, ಏಡಿ ದುಂಬಿಗೆ ನಾಲ್ಕು. ಇಲ್ಲಿ ಕೊಲುವಿನ ಮೆಟ್ಟಿಲುಗಳನ್ನು ಕೆಳಗಿನಿಂದ ಆ ಕ್ರಮದಲ್ಲೇ ಜೋಡಿಸುವ ಮನೆಗಳಿವೆ. ಮಾಮಿ ನಮ್ಮತ್ತೆಗೆ ಅದನ್ನು ವಿವರಿಸಿ, "ನಿಮ್ಮಲ್ಲಿ ಎರಡನೇ ಪಡಿ ಖಾಲಿ ಇದೆಯಲ್ಲ" ಎಂದರು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸವನ ಹೆಸರಿದೆಯಲ್ಲ, ಇರಲಿ ಬಿಡು. ಆ ಚೇಳು ಮಾತ್ರ ಬೇಡ" ಎಂದರು. ಆಗಲೇ ಅವರ ಕಣ್ಣು ಮಂಜಾಗಿತ್ತು. ಬಸವನಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಲ್ಲಿ ತಡವಿದರು. ಒಂದು, ಎರಡು ಎಂದು ನಾಲ್ಕರವರೆಗೆ ಎಣಿಸಿ, "ನಮ್ಮ ಹಿತ್ತಲಲ್ಲಿ ಇಷ್ಟು ವರ್ಷ ಇತ್ತಲ್ಲೇ, ನೋಡೇ ಇರಲಿಲ್ಲ" ಎಂದರು. ಮೆಟ್ಟಿಲ ಮೇಲೆ ತಾವೇ ಕೂರಿಸಿದರು. ಪಕ್ಕದಲ್ಲಿ ಮಾಮಿ ಕೊಟ್ಟ ಒಂದು ಹಿಡಿ ಕಪ್ಪೆಚಿಪ್ಪು.

ಚೇಳಿಗೆ ಇನ್ನೂ ಅಪ್ಪಣೆ ಸಿಕ್ಕಿಲ್ಲ. ಇವತ್ತು ಅದೂ ಬಂದಿದೆ, ಬಾಗಿಲ ಹತ್ತಿರದ ಮೇಜಿನ ಮೇಲೆ. ಊಟಕ್ಕೆ ಹೋಗುವಾಗ ಎಲ್ಲವನ್ನೂ ಕೈಗೆತ್ತಿಕೊಂಡು ನೋಡಿ. ಮಕ್ಕಳಿಗೂ ಕೊಡಿ, ಮುರಿದರೆ ಪರವಾಗಿಲ್ಲ. ಅಲ್ಲಿರುವ ಎರಡು ಜೇಡಗಳಲ್ಲಿ ಒಂದು ಸುಳ್ಳು ಜೇಡ. ಯಾವುದೆಂದು ನೀವೇ ಕಾಲು ನೋಡಿ ಹೇಳಬೇಕು.